ಧೂಳು ಹೀರುವ ಯಂತ್ರದ ಮೋಟಾರು ಮತ್ತು ನಮ್ಮ ಕಡೆಯ ವೈಂಡಿಂಗ್ ಅಂಗಡಿಗಳು

ವ್ಯಾಕ್ಯೂಮ್ ಕ್ಲೀನರ್ ಎಂಬ ಧೂಳು ಹೀರುವ ಯಂತ್ರ ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಅಪರೂಪ. ಸಗಣಿ ಸಾರಿಸಿದ ಅಂಗಳ, ಸಿಮೆಂಟ್ ನೆಲ, ತೆಂಗಿನ ಕಡ್ಡಿಯ ಪೊರಕೆ ಇರುವ ಕಡೆ ರತ್ನಗಂಬಳಿಯ ಧೂಳು ಹೀರುವ ಯಂತ್ರಕ್ಕೆ ಏನು ಕೆಲಸ? ಆದರೆ ಆ ಯಂತ್ರದ ಹೊಟ್ಟೆಯಲ್ಲಿರುವ ಮೋಟಾರು ಮಾತ್ರ ನಮ್ಮೂರಿನ ಹೆಚ್ಚುಕಡಿಮೆ ಎಲ್ಲ ಅಡುಗೆಮನೆಗಳಲ್ಲೂ ಇದೆ. ಬೆಳಿಗ್ಗೆ ಚಟ್ನಿ ರುಬ್ಬುವ ಮಿಕ್ಸಿಯೊಳಗೆ ತಿರುಗುವುದೂ ಅದೇ ಜಾತಿಯ ಮೋಟಾರು. ಇದು ನಮ್ಮ ಕಡೆಗೆ ಹೇಗೆ ಬಂತು, ಕೆಟ್ಟಾಗ ಸರಿಪಡಿಸುವುದನ್ನು ನಮ್ಮ ಜನ ಎಲ್ಲಿ ಕಲಿತರು ಎಂಬುದು ಪಠ್ಯಪುಸ್ತಕದಲ್ಲಿ ಇಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿ ಬಂದ ನಮಗೆ ರಾಜರ ವಂಶಾವಳಿಯಷ್ಟೇ ಇದೂ ಮುಖ್ಯ ಎನಿಸಿದ್ದರಿಂದ ಬರೆಯುತ್ತಿದ್ದೇವೆ. ಮಕ್ಕಳಿಗೆ ಓದಿ ಹೇಳುವ ಶಿಕ್ಷಕ ಮಿತ್ರರು ತಮಗೆ ಬೇಕಾದಷ್ಟನ್ನು ಆರಿಸಿಕೊಳ್ಳಬಹುದು.

ಮೊದಲು ಯಂತ್ರದ ಕಥೆ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತ ಗಾಳಿ ಊದಿ ಧೂಳು ಹಾರಿಸುವ ಒಂದು ಯಂತ್ರವನ್ನು ನೋಡಿದ. ಊದಿದರೆ ಧೂಳು ಇಲ್ಲಿಂದ ಎದ್ದು ಅಲ್ಲಿ ಕೂರುತ್ತದೆ, ಅಷ್ಟೇ. ಹೀರಿದರೆ ಹೇಗೆ ಎಂದು ಯೋಚಿಸಿ, ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ಬಾಯಿಂದ ಎಳೆದು ನೋಡಿದನಂತೆ. ಬಟ್ಟೆಯ ಕೆಳಭಾಗದಲ್ಲಿ ಧೂಳು ಅಂಟಿಕೊಂಡಿತ್ತು. 1901ರಲ್ಲಿ ಅವನು ಮಾಡಿದ ಯಂತ್ರ ಕುದುರೆ ಗಾಡಿಯಷ್ಟು ದೊಡ್ಡದು, ಪೆಟ್ರೋಲ್ ಎಂಜಿನ್ನಿನದು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಯನ್ನು ಕಿಟಕಿಯ ಮೂಲಕ ಮನೆಯೊಳಗೆ ಬಿಡುತ್ತಿದ್ದರು. ಮನೆಯಲ್ಲಿ ಕೈಯಿಂದ ತಳ್ಳುವಂಥ ಯಂತ್ರವನ್ನು ಮಾಡಿದವನು ಅಮೆರಿಕದ ಕ್ಯಾಂಟನ್ ಎಂಬ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನು ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸದವನು, ಜೊತೆಗೆ ಉಬ್ಬಸ ರೋಗಿ. ಗುಡಿಸುವಾಗ ಏಳುವ ಧೂಳು ತಡೆಯಲಾರದೆ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಚರ್ಮದ ಸಾಮಾನಿನ ವ್ಯಾಪಾರಿ ಹೂವರ್ ಕೊಂಡುಕೊಂಡ. ಹೆಸರು ಹೂವರನದಾಯಿತು, ಕಸ ಗುಡಿಸಿದವನ ಹೆಸರು ಹಿಂದೆ ಉಳಿಯಿತು. ಇತಿಹಾಸದಲ್ಲಿ ಇದೇನೂ ಹೊಸದಲ್ಲ, ಇರಲಿ.

ಈಗ ಮೋಟಾರಿಗೆ ಬರೋಣ. ಶಾಲೆಯ ವಿಜ್ಞಾನದಲ್ಲಿ ವಿದ್ಯುತ್ ಮೋಟಾರಿನ ಚಿತ್ರ ಇರುತ್ತದೆ. ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಂತಿಯ ಸುರುಳಿ. ಸುರುಳಿಗೆ ವಿದ್ಯುತ್ ಮುಟ್ಟಿಸುವ ಬ್ರಷ್. ಪ್ರತಿ ಅರ್ಧ ಸುತ್ತಿಗೆ ವಿದ್ಯುತ್ತಿನ ದಿಕ್ಕು ಬದಲಿಸುವ ಕಮ್ಯುಟೇಟರ್, ಪುಸ್ತಕದ ಮಾತಿನಲ್ಲಿ ದಿಕ್ಪರಿವರ್ತಕ. ಮಿಕ್ಸಿಯ ಮೋಟಾರು ಇದೇ ಚಿತ್ರದ ಅಣ್ಣ. ವ್ಯತ್ಯಾಸ ಏನೆಂದರೆ, ಅಯಸ್ಕಾಂತದ ಜಾಗದಲ್ಲೂ ತಂತಿಯ ಸುರುಳಿಯೇ ಇರುತ್ತದೆ. ಅದನ್ನು ಫೀಲ್ಡ್ ಕಾಯಿಲ್ ಎನ್ನುತ್ತಾರೆ. ಒಂದೇ ಕರೆಂಟು ಫೀಲ್ಡ್ ಕಾಯಿಲನ್ನು ಹಾದು, ಬ್ರಷ್ಷಿನಿಂದ ಕಮ್ಯುಟೇಟರಿಗೆ ಇಳಿದು, ತಿರುಗುವ ಆರ್ಮೇಚರನ್ನು ಸುತ್ತಿ, ಇನ್ನೊಂದು ಬ್ರಷ್ಷಿನಿಂದ ಹೊರಬರುತ್ತದೆ. ಎ.ಸಿ. ಕರೆಂಟಿನಲ್ಲಿ ದಿಕ್ಕು ಸೆಕೆಂಡಿಗೆ ಹಲವು ಸಲ ಬದಲಾಗುತ್ತದಲ್ಲ, ಆಗ ಮೋಟಾರು ಹಿಂದುಮುಂದಾಗಿ ತಿರುಗಬೇಕಲ್ಲವೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಉತ್ತರ ಸರಳ. ಹೊರಗಿನ ಸುರುಳಿಯಲ್ಲೂ ಒಳಗಿನ ಸುರುಳಿಯಲ್ಲೂ ದಿಕ್ಕು ಒಟ್ಟಿಗೇ ಬದಲಾಗುವುದರಿಂದ ತಳ್ಳುವ ಬಲ ಒಂದೇ ಕಡೆಗೆ ಉಳಿಯುತ್ತದೆ. ಹೀಗೆ ಎ.ಸಿ., ಡಿ.ಸಿ. ಎರಡರಲ್ಲೂ ಓಡುವುದರಿಂದ ಇದಕ್ಕೆ ಯೂನಿವರ್ಸಲ್ ಮೋಟಾರು ಎಂದು ಹೆಸರು ಬಂತು.

ಈ ಗುಣ ಆ ಕಾಲಕ್ಕೆ ಬಹಳ ಬೇಕಾಗಿತ್ತು. ಇಂದು ದೇಶದ ಎಲ್ಲ ಕಡೆ 230 ವೋಲ್ಟ್, ಸೆಕೆಂಡಿಗೆ 50 ಆವರ್ತದ ಎ.ಸಿ. ಇದೆ. ಮೊದಲು ಹಾಗಿರಲಿಲ್ಲ. ಕಲ್ಕತ್ತೆಯ ಹಳೆಯ ಬಡಾವಣೆಗಳಲ್ಲಿ ಸ್ವಾತಂತ್ರ್ಯದ ನಂತರವೂ ಬಹಳ ವರ್ಷ ಡಿ.ಸಿ. ಇತ್ತು. ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ತಯಾರಾದದ್ದು 25 ಆವರ್ತದ ಎ.ಸಿ. ಬಾವಿಯ ಪಂಪಿಗೆ ಹಾಕುವ ಇಂಡಕ್ಷನ್ ಮೋಟಾರಿನ ವೇಗ ಆವರ್ತವನ್ನು ನಂಬಿಕೊಂಡಿದೆ. ಒಂದು ಊರಿನದು ಇನ್ನೊಂದು ಊರಿನಲ್ಲಿ ಸರಿಯಾಗಿ ನಡೆಯದು. ಯೂನಿವರ್ಸಲ್ ಮೋಟಾರಿಗೆ ಆ ಚಿಂತೆ ಇಲ್ಲ. ಆದರೆ ವೋಲ್ಟೇಜ್ ಮಾತ್ರ ಹೊಂದಲೇಬೇಕು. ಅಮೆರಿಕದ 110-120 ವೋಲ್ಟಿನ ಸಾಮಾನನ್ನು ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತದೆ.

ಶಿವನಸಮುದ್ರದ ಹೆಸರು ಬಂದದ್ದರಿಂದ ನಮ್ಮ ನದಿಯ ಮಾತು ಹೇಳಲೇಬೇಕು. 1902ರ ಜೂನ್ 30ರಂದು ಅಲ್ಲಿನ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಅದೇ ಕಾವೇರಿ ಅಲ್ಲಿಂದ ಮೇಕೆದಾಟು ದಾಟಿ, ನಮ್ಮ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಬಂಡೆಗಳ ಮೇಲಿಂದ ಧುಮುಕಿ ಮೆಟ್ಟೂರಿಗೆ ಬರುತ್ತದೆ. ಆದರೆ ನಮ್ಮ ಕಡೆಯವರು ಆ ನೀರಿನ ಕರೆಂಟು ಕಾಣಲು ಇನ್ನೂ ಮೂವತ್ತೈದು ವರ್ಷ ಕಾಯಬೇಕಾಯಿತು. ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಗಿದ್ದವು. ಹಾಗಾಗಿ ನಾವು ಮದ್ರಾಸಿನವರು, ನದಿಯ ಮೇಲ್ಭಾಗದವರು ಮೈಸೂರಿನವರು. 1924ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು, 1925ರಲ್ಲಿ ಮೆಟ್ಟೂರು ಅಣೆಕಟ್ಟಿನ ಕೆಲಸ ಆರಂಭವಾಗಿ 1934ರಲ್ಲಿ ಮುಗಿಯಿತು. ಆಗ ಮುಳುಗಿದ ಹಳ್ಳಿಗಳ ಪೈಕಿ ಒಂದರ ಚರ್ಚಿನ ಗೋಪುರವೂ ಒಂದು ದೊಡ್ಡ ನಂದಿಯೂ ನೀರು ಇಳಿದಾಗ ಇಂದಿಗೂ ಮೇಲೆ ಕಾಣುತ್ತವೆ. 1937ರಲ್ಲಿ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು.

ಕರೆಂಟು ಬಂದ ಮೇಲೆ ಮೋಟಾರು ಬಂತು. ನಮ್ಮ ಕಡೆ ಅದು ಮೊದಲು ಮನೆಗೆ ಬರಲಿಲ್ಲ, ಬಾವಿಗೂ ಮಗ್ಗಕ್ಕೂ ಬಂತು. ಕಪಿಲೆ ಎಳೆಯುತ್ತಿದ್ದ ಎತ್ತುಗಳ ಜಾಗದಲ್ಲಿ ಪಂಪ್‌ಸೆಟ್ಟು ಕೂತಿತು. ಸೇಲಂ, ಜಲಕಂಠಾಪುರಂ, ಇಳಂಪಿಳ್ಳೈ ಕಡೆ ಕೈಮಗ್ಗದ ಪಕ್ಕದಲ್ಲಿ ಪವರ್‌ಲೂಮ್ ಸದ್ದು ಕೇಳಿತು. ಮನೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರಿಗೆ ಮಗ್ಗದ ಮೋಟಾರು ಹೊಸ ನೆಂಟನಾಯಿತು. ಮೋಟಾರು ಬಂದಷ್ಟೇ ಬೇಗ ಸುಡುವುದೂ ಶುರುವಾಯಿತು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ; ಮೂರು ಫೇಸಿನಲ್ಲಿ ಒಂದು ತಪ್ಪಿದರೂ ಮೋಟಾರು ಗುಂಯ್ ಎನ್ನುತ್ತಾ ಉಳಿದ ಎರಡು ಫೇಸಿನಿಂದ ಅತಿಯಾಗಿ ಕರೆಂಟು ಎಳೆಯುತ್ತದೆ; ತಂತಿಯ ಮೇಲಿನ ಎನಾಮಲ್ ಕರಗಿ ಸುರುಳಿ ಕಪ್ಪಾಗುತ್ತದೆ. ಬೆಳೆ ಒಣಗುತ್ತಿರುವಾಗ ರೈತ ಮೋಟಾರು ಹೊತ್ತು ಕಾರ್ಖಾನೆಗೆ ಹೋಗಲಾಗದು. ಹೀಗೆ ಹುಟ್ಟಿದ್ದು ವೈಂಡಿಂಗ್ ಅಂಗಡಿ. ಧರ್ಮಪುರಿ, ಪೆನ್ನಾಗರಂ, ಪಾಲಕ್ಕೋಡು, ಹರೂರು, ಎಲ್ಲೇ ಹೋದರೂ ಬಸ್‌ಸ್ಟ್ಯಾಂಡಿನ ಸುತ್ತ ಇಂಥ ಒಂದೆರಡು ಅಂಗಡಿ ಕಾಣುತ್ತದೆ. ಬಾಗಿಲಲ್ಲಿ ಸುಟ್ಟ ತಾಮ್ರದ ರಾಶಿ, ಒಳಗೆ ವಾರ್ನಿಷ್ ವಾಸನೆ.

ನಮ್ಮ ದೇಶದಲ್ಲಿ ಮೋಟಾರು ವಿದ್ಯೆ ಬೆಳೆದ ದಾರಿಯೇ ಇದು ಎಂದು ನಮ್ಮ ಅಭಿಪ್ರಾಯ: ಮೊದಲು ಬಿಚ್ಚುವುದು, ಆಮೇಲೆ ಕಟ್ಟುವುದು. ಕೊಯಮತ್ತೂರಿನ ಜಿ.ಡಿ. ನಾಯ್ಡು (1893-1974) ಹೆಚ್ಚು ಓದಿದವರಲ್ಲ, ಹೋಟೆಲಿನಲ್ಲಿ ಸಪ್ಲಯರ್ ಆಗಿದ್ದವರು. ಒಬ್ಬ ಇಂಗ್ಲಿಷ್ ಅಧಿಕಾರಿಯ ಮೋಟಾರ್ ಸೈಕಲ್ ನೋಡಿ ಮರುಳಾಗಿ, ದುಡ್ಡು ಕೂಡಿಟ್ಟು ಅದನ್ನೇ ಕೊಂಡು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ ಕಲಿತರು. ಪೈಕಾರದ ಜಲವಿದ್ಯುತ್ತು 1930ರ ದಶಕದಲ್ಲಿ ಕೊಯಮತ್ತೂರಿಗೆ ಬಂದ ಮೇಲೆ, 1937ರಲ್ಲಿ ಡಿ. ಬಾಲಸುಂದರಂ ಜೊತೆ ಸೇರಿ ಅವರು ತಯಾರಿಸಿದ ಮೋಟಾರು ಭಾರತದ ಮೊದಲ ಸ್ವದೇಶಿ ವಿದ್ಯುತ್ ಮೋಟಾರು ಎಂದು ಹೆಸರಾಗಿದೆ. ಮೆಟ್ಟೂರಿನಲ್ಲಿ ಕರೆಂಟು ಹುಟ್ಟಿದ್ದೂ ಅದೇ ವರ್ಷ. ಮಿಕ್ಸಿಯ ಕಥೆಯೂ ಹೀಗೆಯೇ. 1960ರ ದಶಕದ ಆರಂಭದಲ್ಲಿ ಮುಂಬಯಿಯ ಮಾಧುರಿ ಮಾಥುರ್ ಅವರ ಬ್ರಾನ್ ಎಂಬ ಜರ್ಮನ್ ಮಿಕ್ಸರ್ ಕೆಟ್ಟಿತು. ಇಲ್ಲಿ ಅದಕ್ಕೆ ರಿಪೇರಿ ವ್ಯವಸ್ಥೆ ಇರಲಿಲ್ಲ. ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಪತಿ ಸತ್ಯಪ್ರಕಾಶ್ ಮಾಥುರ್, ನೆನೆಸಿದ ಬೇಳೆ, ಅರಿಶಿನದ ಕೊಂಬು, ಒಣಮೆಣಸಿನಕಾಯಿ ರುಬ್ಬಿದರೂ ಸುಡದಂಥ ಬಲವಾದ ಮೋಟಾರು ತಯಾರಿಸಲು ಹೊರಟರು. ಅದೇ ಸುಮೀತ್ ಮಿಕ್ಸಿ. ಕೆನೆ ಕಡೆಯಲು ಹುಟ್ಟಿದ ಯುರೋಪಿನ ಯಂತ್ರಕ್ಕೂ ಇಡ್ಲಿ ಹಿಟ್ಟಿಗೂ ಇರುವ ದೂರವನ್ನು ಒಂದು ಕೆಟ್ಟ ಮೋಟಾರು ತೋರಿಸಿಕೊಟ್ಟಿತು.

ಧೂಳು ಹೀರುವ ಯಂತ್ರ ನಮ್ಮ ದೇಶದ ಮಧ್ಯಮ ವರ್ಗಕ್ಕೆ ಪರಿಚಯವಾದದ್ದು 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಕಂಪನಿಯ ಟೈ ಕಟ್ಟಿದ ಹುಡುಗರು ಮನೆಮನೆಯ ಬಾಗಿಲು ತಟ್ಟಿದಾಗ. ಅವರು ನಮ್ಮ ಹಳ್ಳಿಗಳ ದಾರಿ ಹಿಡಿಯಲಿಲ್ಲ. ಇಲ್ಲಿಗೆ ಯೂನಿವರ್ಸಲ್ ಮೋಟಾರನ್ನು ಸಾರಾಸಗಟಾಗಿ ತಂದದ್ದು ಸರ್ಕಾರ. 2011ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ರೇಷನ್ ಕಾರ್ಡಿನ ಕುಟುಂಬಗಳಿಗೆ ಮಿಕ್ಸಿ, ಗ್ರೈಂಡರ್, ಫ್ಯಾನು ಉಚಿತವಾಗಿ ಕೊಡಲು ಶುರುಮಾಡಿತು. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲೂ ಒರಳುಕಲ್ಲು ಮೂಲೆ ಸೇರಿದ್ದು ಆಗಲೇ. ಪಂಪ್ ಮೋಟಾರಿನಲ್ಲಿ ಕೈ ಪಳಗಿಸಿದ್ದ ವೈಂಡಿಂಗ್ ಅಂಗಡಿಯವರ ಮುಂದೆ ಮಿಕ್ಸಿಗಳ ಸಾಲು ನಿಂತಿತು.

ಈಗ ಹಳೆಯ ಯಂತ್ರದ ರಿಪೇರಿ. ಏರ್ಕಾಡಿನ ಒಂದು ಬಂಗಲೆಯ ಸಾಮಾನುಗಳ ಜೊತೆ ಸೇಲಂನ ಗುಜರಿಗೆ ಬಂದಿದ್ದ, ಉರುಳೆಯಾಕಾರದ ಒಂದು ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ತಂದುಕೊಟ್ಟ. ಅವನು ವೈಂಡಿಂಗ್ ಕೆಲಸದವನು. ತಗಡಿನ ಮೇಲೆ 220 ವೋಲ್ಟ್, ಎ.ಸಿ./ಡಿ.ಸಿ. ಎಂದು ಕೊರೆದಿತ್ತು. "ಸಾರ್, ಹೆದರಬೇಡಿ, ಇದು ದೊಡ್ಡ ಮಿಕ್ಸಿ, ಅಷ್ಟೇ" ಎಂದು ಮಕ್ಕಳ ಮುಂದೆಯೇ ಬಿಚ್ಚಲು ಕೂತ. ಅವನು ಮಾಡಿದ ಕ್ರಮವನ್ನು ನೋಡಿದಂತೆಯೇ ಬರೆಯುತ್ತೇವೆ.

ಮೊದಲ ನಿಯಮ: ಹಳೆಯ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಅವನ ಹತ್ತಿರ ಒಂದು ಹಲಗೆ ಇತ್ತು. ಅದರಲ್ಲಿ 100 ವ್ಯಾಟಿನ ಗುಂಡು ಬಲ್ಬು, ಒಂದು ಸಾಕೆಟ್ಟು. ಇದೇ ಸೀರೀಸ್ ಬೋರ್ಡು. ಯಂತ್ರಕ್ಕೆ ಹೋಗುವ ಕರೆಂಟು ಬಲ್ಬನ್ನು ಹಾದೇ ಹೋಗಬೇಕು. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್. ಉರಿಯದಿದ್ದರೆ ಎಲ್ಲೋ ದಾರಿ ಕಡಿದಿದೆ. ಮಂದವಾಗಿ ಉರಿದರೆ ಸುರುಳಿಗೆ ಜೀವ ಇದೆ. ನಮ್ಮದು ಉರಿಯಲೇ ಇಲ್ಲ. ಪ್ಲಗ್ಗಿನಿಂದ ಶುರುಮಾಡಿ ಹುಡುಕಿದ. ವಯರಿನ ರಬ್ಬರು ಒಣಗಿ ಬಿಸ್ಕತ್ತಿನಂತೆ ಮುರಿಯುತ್ತಿತ್ತು, ಅದನ್ನು ಎಸೆದು ಮೂರು ಎಳೆಯ ಹೊಸ ವಯರು ಹಾಕಿ, ಮೂರನೆಯದನ್ನು ತಗಡಿನ ಮೈಗೆ ಅರ್ತಿಂಗ್ ಎಂದು ಬಿಗಿದ. ಸ್ವಿಚ್ಚು ಸರಿ ಇತ್ತು. ಆದರೂ ಬಲ್ಬು ಕತ್ತಲೆ. ಆಗ ಕಡ್ಡಿಯಿಂದ ಫ್ಯಾನನ್ನು ಮೆಲ್ಲಗೆ ತಿರುಗಿಸಿದ. ಬಲ್ಬು ಒಮ್ಮೆ ಮಿಣುಕಿ ಆರಿತು. "ಕಾರ್ಬನ್ ಮುಟ್ಟುತ್ತಿಲ್ಲ ಸಾರ್."

ಪುಸ್ತಕದ ಬ್ರಷ್ಷನ್ನು ಅಂಗಡಿಯಲ್ಲಿ ಯಾರೂ ಬ್ರಷ್ ಎನ್ನುವುದಿಲ್ಲ, ಕಾರ್ಬನ್ ಎನ್ನುತ್ತಾರೆ. ಮೊದಲ ಕಾಲದ ಮೋಟಾರುಗಳಲ್ಲಿ ಅದು ನಿಜಕ್ಕೂ ತಾಮ್ರದ ತಂತಿಗಳ ಕುಂಚವೇ ಆಗಿತ್ತು. 1880ರ ದಶಕದಲ್ಲಿ ಇಂಗಾಲದ ತುಂಡು ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಪೆನ್ಸಿಲ್ ಸೀಸದ ಜಾತಿಯ ಈ ತುಂಡು ತಾನು ಸವೆದು ತಾಮ್ರವನ್ನು ಕಾಪಾಡುತ್ತದೆ. ನಮ್ಮ ಯಂತ್ರದಲ್ಲಿ ಒಂದು ಕಾರ್ಬನ್ ಸ್ಪ್ರಿಂಗ್ ಒತ್ತಲಾಗದಷ್ಟು ಸವೆದಿತ್ತು, ಇನ್ನೊಂದು ಧೂಳು-ಎಣ್ಣೆಯ ಜಿಡ್ಡಿನಲ್ಲಿ ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಆ ಅಳತೆಯ ಕಾರ್ಬನ್ ಈಗ ಎಲ್ಲಿ ಸಿಗಬೇಕು? ಸ್ವಲ್ಪ ದೊಡ್ಡದನ್ನು ತಂದು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಉಜ್ಜಿ ಗೂಡಿಗೆ ಸರಾಗವಾಗಿ ಜಾರುವಂತೆ ಮಾಡಿದ. ಆಮೇಲೆ ಕಮ್ಯುಟೇಟರಿನ ಮೇಲೆ ಸ್ಯಾಂಡ್‌ಪೇಪರ್ ಸುತ್ತಿ, ಕಾರ್ಬನ್ನಿನ ತುದಿಗೆ ಅದೇ ಕಮಾನು ಬರಿಸಿದ.

ಕಮ್ಯುಟೇಟರು ಕಪ್ಪಗಾಗಿತ್ತು. ಅದು ತಾಮ್ರದ ಸಣ್ಣ ಪಟ್ಟಿಗಳ ಉಂಗುರ, ಪಟ್ಟಿಗಳ ನಡುವೆ ಅಭ್ರಕ. ತಾಮ್ರ ಸವೆದು ಅಭ್ರಕ ಮೇಲೆದ್ದರೆ ಕಾರ್ಬನ್ ಕುಣಿಯುತ್ತದೆ, ಕುಣಿದರೆ ಕಿಡಿ. ನಯವಾದ ಸ್ಯಾಂಡ್‌ಪೇಪರಿನಿಂದ ತಾಮ್ರವನ್ನು ಬೆಳಗಿ, ಹ್ಯಾಕ್‌ಸಾ ಬ್ಲೇಡನ್ನು ತೆಳ್ಳಗೆ ಮಸೆದು ಒಂದೊಂದೇ ಸಂದಿನ ಅಭ್ರಕವನ್ನು ಕೆರೆದು ತಗ್ಗಿಸಿದ. ಎಮರಿ ಪೇಪರ್ ಏಕೆ ಬೇಡ ಎಂದು ಒಬ್ಬ ಹುಡುಗ ಕೇಳಿದ. ಎಮರಿಯ ಪುಡಿ ಕರೆಂಟನ್ನು ಹಾಯಿಸುತ್ತದೆ, ಸಂದಿನಲ್ಲಿ ಕೂತರೆ ಪಟ್ಟಿ ಪಟ್ಟಿಗೆ ಶಾರ್ಟ್ ಎಂದು ಉತ್ತರ ಬಂತು. ನಂತರ ಮೀಟರಿನ ಎರಡು ಮುಳ್ಳನ್ನು ಅಕ್ಕಪಕ್ಕದ ಪಟ್ಟಿಗಳ ಮೇಲೆ ಇಟ್ಟು ಸುತ್ತಲೂ ನೋಡಿದ. ಎಲ್ಲ ಕಡೆ ಒಂದೇ ಓದು ಬಂದರೆ ಆರ್ಮೇಚರ್ ಆರೋಗ್ಯವಾಗಿದೆ. ಒಂದು ಕಡೆ ಹೆಚ್ಚಾದರೆ ಸುರುಳಿ ಕಡಿದಿದೆ, ಕಡಿಮೆಯಾದರೆ ಸುರುಳಿಯೊಳಗೆ ಶಾರ್ಟ್ ಇದೆ. ಅಂಥದ್ದು ಓಡುವಾಗ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ಕಾಣುತ್ತದೆ. ಆಗ ಕಾರ್ಬನ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ, ಆರ್ಮೇಚರನ್ನೇ ಹೊಸದಾಗಿ ಸುತ್ತಬೇಕು. ನಮ್ಮದು ಪಾಸಾಯಿತು. ಹಿಂದಿನ ಬೇರಿಂಗು ಒಣಗಿ ಗರಗರ ಎನ್ನುತ್ತಿತ್ತು. ಅಂಚಿನಲ್ಲಿ ಬರೆದ ನಂಬರು ನೋಡಿ ಅದೇ ನಂಬರಿನದು ಹಾಕಿದ್ದಾಯಿತು.

ಸೀರೀಸ್ ಬಲ್ಬಿನಲ್ಲಿ ಮೋಟಾರು ಮೆಲ್ಲಗೆ ತಿರುಗಿತು. ನೇರ ಕರೆಂಟು ಕೊಟ್ಟಾಗ ಕಿರುಚಿಕೊಂಡು ಎದ್ದಿತು. ಇಂಥ ಮೋಟಾರು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೇಲೆ ತಿರುಗುತ್ತದೆ. ಕಾರ್ಬನ್ನಿನ ಕೆಳಗೆ ಸಣ್ಣ ನೀಲಿ ಕಿಡಿ ಮಾತ್ರ ಉಳಿಯಿತು, ಅದು ಸಹಜ. ಆಗ ಅವನು ಮಕ್ಕಳಿಗೆ ಒಂದು ಒಗಟು ಹಾಕಿದ. ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿದರೆ ಮೋಟಾರು ನಿಧಾನವಾಗುತ್ತದೋ ಜೋರಾಗುತ್ತದೋ? ಪಾಪ ಉಸಿರು ಕಟ್ಟುತ್ತದೆ, ನಿಧಾನವಾಗುತ್ತದೆ ಎಂದರು ಎಲ್ಲರೂ. ಮುಚ್ಚಿದ. ಸದ್ದು ಇನ್ನೂ ಏರಿತು. ಫ್ಯಾನು ಎಳೆಯಲು ಗಾಳಿಯೇ ಇಲ್ಲದಿದ್ದಾಗ ಅದಕ್ಕೆ ಹೊರೆ ಇಲ್ಲ, ಹಾಗಾಗಿ ವೇಗ ಹೆಚ್ಚು. ಆದರೆ ಈ ಹಳೆಯ ಯಂತ್ರದಲ್ಲಿ ಹೀರಿದ ಗಾಳಿಯೇ ಮೋಟಾರಿನ ಮೈಮೇಲೆ ಹಾದು ತಂಪು ಮಾಡಬೇಕು. ಧೂಳಿನ ಚೀಲ ತುಂಬಿ ಗಾಳಿ ನಿಂತರೆ ಮೋಟಾರು ಜೋರಾಗಿ ಹಾಡುತ್ತಲೇ ಬಿಸಿಯಾಗಿ ಸುಟ್ಟುಹೋಗುತ್ತದೆ. ಚೀಲ ಹರಿದಿದ್ದರೆ ಧೂಳೇ ಬೇರಿಂಗಿಗೂ ಕಾರ್ಬನ್ನಿಗೂ ನುಗ್ಗುತ್ತದೆ. ನಮ್ಮ ಯಂತ್ರಕ್ಕೆ ಆಗಿದ್ದೂ ಇದೇ ಎಂದು ಜಿಡ್ಡು ನೋಡಿ ಅವನು ಹೇಳಿದ. ಹಳೆಯ ಬಟ್ಟೆಯ ಚೀಲದಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು.

ಶಿಕ್ಷಕರಿಗೆ ಒಂದು ಮಾತು. ಮಕ್ಕಳು ತಾವಾಗಿಯೇ ಮಿಕ್ಸಿ ಬಿಚ್ಚದಂತೆ ನೋಡಿಕೊಳ್ಳಿ. ಪ್ಲಗ್ ತೆಗೆದು ಪಕ್ಕಕ್ಕಿಟ್ಟ ಮೇಲೆಯೇ, ಕೆಲಸ ಬಲ್ಲವರು ಎದುರಿಗಿದ್ದಾಗಲೇ ಸ್ಕ್ರೂಡ್ರೈವರ್ ಹಿಡಿಯಬೇಕು.

ಇಂಥ ಕೈಕೆಲಸ ಈಗ ಕಡಿಮೆಯಾಗುತ್ತಿದೆ. ಅಗ್ಗದ ಮಿಕ್ಸಿಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಬಂದಿದೆ. ಸುಟ್ಟ ಆರ್ಮೇಚರನ್ನು ಸುತ್ತುವ ಕೂಲಿಗಿಂತ ಹೊಸದನ್ನು ತಂದು ಹಾಕುವುದು ಸುಲಭ. ತಂತಿಯಿಲ್ಲದ ಹೊಸ ಕ್ಲೀನರುಗಳಲ್ಲಿ ಕಾರ್ಬನ್ನೇ ಇಲ್ಲದ ಮೋಟಾರು, ಜೊತೆಗೆ ಎಲೆಕ್ಟ್ರಾನಿಕ್ ಬೋರ್ಡು. ಕೆಲವನ್ನು ಬಿಚ್ಚಲು ಸ್ಕ್ರೂ ಕೂಡ ಕಾಣುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕು ಎಂಬ ವಿಷಯಕ್ಕೆ 2022ರಲ್ಲಿ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆದಿದೆ. ಒಳ್ಳೆಯದೇ. ಆದರೆ ಪೆನ್ನಾಗರಂನ ಅಂಗಡಿಯವನಿಗೆ ಬೇಕಾದದ್ದು ಬಿಡಿಭಾಗ ಮತ್ತು ಸರ್ಕ್ಯೂಟಿನ ಚಿತ್ರ. ಅದು ಅವನ ಭಾಷೆಯಲ್ಲಿ ಸಿಗುವುದು ದೂರದ ಮಾತು.

ಇತಿಹಾಸದ ದೃಷ್ಟಿಯಿಂದ ನಮಗೆ ಹೆಚ್ಚು ಕಳವಳ ಇರುವುದು ಅಂಗಡಿಗಳ ನೋಟುಬುಕ್ಕಿನ ಬಗ್ಗೆ. ಮೋಟಾರು ಸುತ್ತುವವರು ಹಳೆಯ ಸುರುಳಿ ಬಿಚ್ಚುವಾಗ ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ, ಎಷ್ಟನೇ ಗಾಡಿಯಿಂದ ಎಷ್ಟನೇ ಗಾಡಿಗೆ ಎಂದು ಬರೆದಿಡುತ್ತಾರೆ. ಅದಿಲ್ಲದೆ ಮತ್ತೆ ಸುತ್ತಲಾಗದು. ನಮ್ಮ ಹಳೆಯ ವಿದ್ಯಾರ್ಥಿಯ ಗುರುಗಳ ನೋಟುಬುಕ್ಕನ್ನು ನಾವು ನೋಡಿದೆವು. ಅಂಕಿಗಳು ಇಂಗ್ಲಿಷಿನಲ್ಲಿ, ಊರಿನ ಹೆಸರು ತಮಿಳಿನಲ್ಲಿ, ನಡುನಡುವೆ ಕನ್ನಡ. ಒಂದೇ ಬಾವಿಯ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ಬಂದದ್ದೂ ಅದರಲ್ಲಿದೆ. ಯಾವ ಊರಿಗೆ ಯಾವ ವರ್ಷ ಕರೆಂಟು ಸರಿ ಇರಲಿಲ್ಲ, ಯಾವಾಗ ಪಂಪುಗಳ ಕುದುರೆಶಕ್ತಿ ಮೂರರಿಂದ ಐದಕ್ಕೆ ಏರಿತು, ಯಾವಾಗ ಮಿಕ್ಸಿಯ ಲೆಕ್ಕ ಪಂಪಿನ ಲೆಕ್ಕವನ್ನು ದಾಟಿತು ಎಂಬುದನ್ನೆಲ್ಲ ಅದರಿಂದ ತಿಳಿಯಬಹುದು. ಅಂಗಡಿ ಮುಚ್ಚಿದಾಗ ಇಂಥ ಪುಸ್ತಕಗಳು ತಾಮ್ರದ ಚೂರಿನ ಜೊತೆ ಗುಜರಿಗೆ ಹೋಗುತ್ತವೆ. ತಾಮ್ರಕ್ಕೆ ಬೆಲೆ ಕಟ್ಟುತ್ತಾರೆ, ಕಾಗದವನ್ನು ತೂಕಕ್ಕೆ ಹಾಕುತ್ತಾರೆ. ಆ ಗುರುಗಳು ಪುಸ್ತಕ ಕೊಡಲು ಒಪ್ಪಲಿಲ್ಲ, ಆದರೆ ಭಾನುವಾರ ಬಂದು ನಕಲು ಮಾಡಿಕೊಳ್ಳಿ ಎಂದಿದ್ದಾರೆ. ಒಂಬತ್ತನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಹೋಗಿ ಬರೆದುಕೊಳ್ಳುತ್ತಿದ್ದಾರೆ. ಇದುವರೆಗೆ ನಲವತ್ತು ಪುಟ ಮುಗಿದಿದೆ. ಎಣ್ಣೆ ಹತ್ತಿ ಅಳಿಸಿದ ಕಡೆ ಅವರೇ ಕೇಳಿ ತಿಳಿದು, ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ.